ಬರುವ ಕರೆಗೂ ಬಾಡಿಗೆಯೇ?

ನಮ್ಮ ಕೂಟದ ತಿಂಗಳ ಸಭೆಯಲ್ಲಿ ಪ್ರಬಂಧ ವಾಚನ, ಚರ್ಚೆ, ಉಪ್ಪಿಟ್ಟು, ಚಹಾ ಎಲ್ಲವೂ ಮುಗಿದ ಮೇಲೆ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಕಲಾಪ ನಡೆಯುತ್ತದೆ. ಹಿರಿಯರು ಒಬ್ಬೊಬ್ಬರಾಗಿ ನನ್ನ ಬಳಿ ಬಂದು ಜೇಬಿನಿಂದಲೋ ಕೈಚೀಲದಿಂದಲೋ ತಮ್ಮ ಫೋನನ್ನು ತೆಗೆದು ಒಪ್ಪಿಸುತ್ತಾರೆ. ‘ಇದಕ್ಕೆ ಯಾವುದು ಹಾಕಿಸಲಿ?’ ಎಂಬುದು ಎಲ್ಲರ ಪ್ರಶ್ನೆ. ಇವನು ಕೇಂದ್ರ ಸರ್ಕಾರದ ನೌಕರ, ಮೇಲಾಗಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನು, ಕಂಪನಿಗಳು ಕಳುಹಿಸುವ ಸಂದೇಶಗಳ ಅರ್ಥ ಇವನಿಗಾದರೂ ತಿಳಿದಿದ್ದೀತು ಎಂಬ ನಂಬಿಕೆ ಅವರದು. ಶೇಕ್ಸ್‌ಪಿಯರನ ಸುನೀತಕ್ಕೆ ಟಿಪ್ಪಣಿ ಬರೆದವನಿಗೆ ಇಪ್ಪತ್ತೆಂಟು ದಿನದ ಪ್ಲ್ಯಾನೊಂದನ್ನು ಬಿಡಿಸಿ ಹೇಳಲು ಬಾರದೇ? ಬಹಳ ಕಾಲ ನಾನೂ ಬರುತ್ತದೆಂದೇ ತಿಳಿದಿದ್ದೆ. ಕಳೆದ ವರ್ಷ ನಡೆದ ಒಂದು ಘಟನೆಯ ನಂತರ ಆ ಪ್ರಶ್ನೆಗೆ ಉತ್ತರ ಹೇಳುವುದೇ ತಪ್ಪು, ಪ್ರಶ್ನೆಯನ್ನೇ ಜಗಳಕ್ಕೆ ಎಳೆಯಬೇಕು ಎನ್ನಿಸತೊಡಗಿದೆ.

ನನ್ನ ಕಚೇರಿಯ ಸಮೀಪ, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೈದು ವರ್ಷ ದುಡಿದ ಹಿರಿಯರೊಬ್ಬರಿದ್ದಾರೆ. ಕುಂದಾಪುರ ತಾಲೂಕಿನವರು. ಹುಡುಗನಾಗಿ ಬಂದು, ತಟ್ಟೆ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದ ಮೇಲೆ ಕುಳಿತವರು. ನಿವೃತ್ತಿಯ ನಂತರ ಊರಿಗೆ ಮರಳಿದರೂ ಮುಂಬಯಿಯ ನಂಬರನ್ನು ಬಿಡಲಿಲ್ಲ. ಬಿಡುವುದಾದರೂ ಹೇಗೆ? ಬ್ಯಾಂಕಿನ ಖಾತೆ, ಆಧಾರ್, ಭವಿಷ್ಯನಿಧಿಯ ಪಿಂಚಣಿ, ಎಲ್ಲಕ್ಕೂ ಆ ನಂಬರೇ ಕೊಂಡಿ. ಹಳೆಯ ಸಹೋದ್ಯೋಗಿಗಳ ಬಳಿ ಇರುವುದೂ ಅದೇ ನಂಬರು. ಅವರ ಫೋನು ಗುಂಡಿ ಒತ್ತುವ ಹಳೆಯ ಕಾಲದ್ದು. ಅವರು ಯಾರಿಗೂ ಹೆಚ್ಚಾಗಿ ಕರೆ ಮಾಡುವವರಲ್ಲ, ಬಂದ ಕರೆಯನ್ನು ಎತ್ತುವವರು.

ಹೋದ ವರ್ಷ ಅನಾರೋಗ್ಯದ ಕಾರಣ ನಾಲ್ಕೈದು ತಿಂಗಳು ಮಗಳ ಮನೆಯಲ್ಲಿ ಉಳಿದರು. ಫೋನಿಗೆ ಹಣ ಹಾಕಿಸುವುದು ಯಾರಿಗೂ ನೆನಪಾಗಲಿಲ್ಲ. ಮೊದಲು ಹೋಗುವ ಕರೆ ನಿಂತಿತು, ಕೆಲವು ದಿನಗಳಲ್ಲಿ ಬರುವ ಕರೆಯೂ ನಿಂತಿತು, ಕೊನೆಗೆ ನಂಬರೇ ಹೋಯಿತು. ನಾನು ದೀಪಾವಳಿಗೆಂದು ಆ ನಂಬರಿಗೆ ಕರೆ ಮಾಡಿದಾಗ ಎತ್ತಿದವನು ಕಲ್ಯಾಣದ ಕಡೆಯ ಒಬ್ಬ ಹುಡುಗ. ‘ರಾಂಗ್ ನಂಬರ್, ಅಂಕಲ್. ಆ ಅಜ್ಜನನ್ನು ಕೇಳಿಕೊಂಡು ದಿನಾ ಒಬ್ಬರಲ್ಲ ಒಬ್ಬರು ಫೋನ್ ಮಾಡುತ್ತಾರೆ’ ಎಂದು ಹಿಂದಿಯಲ್ಲಿ ಸೌಜನ್ಯದಿಂದಲೇ ಹೇಳಿದ. ಹಿರಿಯರು ಬ್ಯಾಂಕಿನ ಕಾಗದಪತ್ರ ಸರಿಪಡಿಸಿಕೊಳ್ಳಲು ರೈಲು ಹತ್ತಿ ಮುಂಬಯಿಗೆ ಬಂದರು. ನನ್ನೆದುರು ಕುಳಿತು ಅವರು ಕೇಳಿದ್ದು ಒಂದೇ ಮಾತು: ‘ಅಲ್ಲ ಮರಾಯ್ರೆ, ಫೋನ್ ಬಪ್ಪುಕೂ ದುಡ್ಡ್ ಕೊಡ್ಕಾ?’

ಈ ಲೇಖನ ಆ ಪ್ರಶ್ನೆಯ ಪರವಾದ ವಕಾಲತ್ತು. ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ‘ಹಾಗಾದರೆ ಇನ್ನೊಂದು ಕಂಪನಿಗೆ ಹೋಗಬಹುದಿತ್ತಲ್ಲ’ ಎಂಬ ಸುಲಭದ ಉತ್ತರ ಬರುತ್ತದೆ. ಇನ್ನೊಂದರಲ್ಲೂ ಇದೇ ಆಗುತ್ತಿತ್ತು. ನಾನು ಸರ್ಕಾರಿ ನೌಕರ, ಸರ್ಕಾರದ ನೀತಿಯನ್ನು ಟೀಕಿಸಲು ಸೇವಾ ನಿಯಮಗಳು ಬಿಡುವುದಿಲ್ಲ. ಅದೃಷ್ಟವಶಾತ್ ಇಲ್ಲಿ ಟೀಕೆಗೆ ಕಂಪನಿಗಳು ಮತ್ತು ನಾವು, ಎಂದರೆ ಓದುಬರಹ ಬಲ್ಲ ಮಕ್ಕಳು, ಬೇಕಾದಷ್ಟು ಸಾಮಗ್ರಿ ಒದಗಿಸಿದ್ದೇವೆ.

ಬಂದ ಕರೆಗೆ ಹಣ ತೆರುವುದು ಹೊಸ ಸಂಗತಿಯೇನಲ್ಲ. 1995ರಲ್ಲಿ ಮುಂಬಯಿಗೆ ಮೊಬೈಲು ಬಂದಾಗ, ಮ್ಯಾಕ್ಸ್‌ಟಚ್ ಮತ್ತು ಬಿಪಿಎಲ್‌ಗಳ ಕಾಲದಲ್ಲಿ, ನಿಮಿಷಕ್ಕೆ ಹದಿನಾರು ರೂಪಾಯಿಯ ಆಸುಪಾಸು ದರವಿತ್ತು, ಬಂದ ಕರೆಗೂ ಹಣ ಕಟ್ಟಬೇಕಿತ್ತು. ಆಗ ಅದು ಶ್ರೀಮಂತರ ಆಟಿಕೆ. ನಮ್ಮವರಿಗೆ ಆ ದಿನಗಳಲ್ಲಿ ಇದ್ದದ್ದು ಹಳದಿ ಫಲಕದ ಎಸ್‌ಟಿಡಿ ಬೂತು. ರಾತ್ರಿ ಹೊತ್ತೇರಿ ದರ ಇಳಿಯುವವರೆಗೆ ಮಾಟುಂಗಾದಲ್ಲೋ ಅಂಧೇರಿಯಲ್ಲೋ ಬೂತಿನ ಮುಂದೆ ಸಾಲು ನಿಂತು, ಊರಿನ ಅಂಗಡಿಯೊಂದರ ಫೋನಿಗೆ ಕರೆ ಮಾಡಿ, ‘ಅಮ್ಮನನ್ನು ಕರೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ’ ಎಂದವರು ಈ ಬ್ಲಾಗಿನ ಓದುಗರಲ್ಲಿ ಎಷ್ಟು ಮಂದಿಯೋ. ಯಂತ್ರದ ಮೇಲೆ ಓಡುವ ಕೆಂಪು ಅಂಕಿಗಳನ್ನು ನೋಡುತ್ತ ಮಾತನಾಡಿದವರು ಆ ಮಾತಿನ ಬೆಲೆಯನ್ನು ಮರೆಯಲಾರರು. ಆದರೆ ಒಂದು ಅಂಶ ಗಮನಿಸಿ: ಅಂದು ಕರೆ ಮಾಡಿದವನು ಹಣ ಕೊಟ್ಟ. ಊರಿನಲ್ಲಿ ಓಡಿಬಂದು ಫೋನು ಹಿಡಿದ ತಾಯಿ ಹಣ ಕೊಡಲಿಲ್ಲ.

2003ರ ಮೇ 1ರಿಂದ ಮೊಬೈಲಿಗೂ ಅದೇ ನ್ಯಾಯ ಬಂತು. ಕರೆ ಮಾಡಿದವನು ತೆರಲಿ, ಪಡೆದವನಿಗೆ ಉಚಿತ. ಅದೇ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿದವರ ಕೈಗೆ ಫೋನು ಇಟ್ಟಿತು. ನಾನು ಮುಂಬಯಿಗೆ ಬಂದದ್ದೂ ಆಗಲೇ. ಕಚೇರಿಯ ಹಿರಿಯ ಗುಮಾಸ್ತರು ಹಳೆಯ ಅಭ್ಯಾಸದಿಂದ, ಮೊಬೈಲು ಬಡಿದುಕೊಂಡರೆ ಅದನ್ನು ಕತ್ತರಿಸಿ ಮೇಜಿನ ಮೇಲಿನ ಫೋನಿನತ್ತ ಓಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬರುವ ಕರೆಗೆ ಹಣವಿಲ್ಲ ಎಂದು ಅವರಿಗೆ ನಂಬಿಕೆ ಹುಟ್ಟಲು ಒಂದು ವರ್ಷ ಹಿಡಿಯಿತು. ಆ ಒಂದು ನಿಯಮವೇ ತರಕಾರಿ ಮಾರುವವನ, ಮನೆಗೆಲಸದವಳ, ಹೋಟೆಲಿನ ಮಾಣಿಯ ಕೈಗೆ ಫೋನು ತಲುಪಿಸಿತು. ಹತ್ತು ರೂಪಾಯಿ ಹಾಕಿಸಿಕೊಂಡು ತಿಂಗಳುಗಟ್ಟಲೆ ಕರೆ ಸ್ವೀಕರಿಸಬಹುದಿತ್ತು. ಮಿಸ್ಡ್ ಕಾಲಿಗೆ ವ್ಯಾಕರಣವೇ ಇತ್ತು. ಒಂದು ಸಲ ಬಡಿದರೆ ತಲುಪಿದೆ, ಎರಡು ಸಲವಾದರೆ ಕೆಳಗೆ ಇಳಿದು ಬಾ, ಮೂರು ಸಲವಾದರೆ ನೀನೇ ಮಾಡು, ನನ್ನಲ್ಲಿ ಹಣವಿಲ್ಲ. ಇಂದು ಪ್ಲ್ಯಾನು ಮುಗಿದ ಫೋನಿನಿಂದ ಮಿಸ್ಡ್ ಕಾಲು ಕೊಡುವುದೂ ಸಾಧ್ಯವಿಲ್ಲ. ಬಡವನ ಈ ತಂತಿ ಸಂದೇಶ ಸತ್ತದ್ದಕ್ಕೆ ಯಾರೂ ಶ್ರದ್ಧಾಂಜಲಿ ಬರೆಯಲಿಲ್ಲ.

2005ರ ಕೊನೆಯಲ್ಲಿ ‘ಲೈಫ್‌ಟೈಮ್’ ಯೋಜನೆಗಳು ಬಂದವು. 999 ರೂಪಾಯಿ ಒಮ್ಮೆ ಕಟ್ಟಿದರೆ ಜೀವನಪರ್ಯಂತ ಬರುವ ಕರೆ ಉಚಿತ ಎಂದರು. ಆ ಜೀವನ ಗ್ರಾಹಕನದಲ್ಲ, ಕಂಪನಿಯ ಪರವಾನಗಿಯದು ಎಂದು ಆಮೇಲೆ ತಿಳಿಯಿತು. ಬಿಪಿಎಲ್ ಎಂದು ಹುಟ್ಟಿ ಲೂಪ್ ಎಂದು ಹೆಸರು ಬದಲಿಸಿಕೊಂಡ ಮುಂಬಯಿಯ ಕಂಪನಿಯ ಆಯುಷ್ಯ 2014ರ ನವೆಂಬರಿನಲ್ಲಿ ಮುಗಿದಾಗ ಅದರ ಗ್ರಾಹಕರು ನಂಬರು ಉಳಿಸಿಕೊಳ್ಳಲು ಅಂಗಡಿಯಿಂದ ಅಂಗಡಿಗೆ ಅಲೆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ಬರುವ ಕರೆ ಮತ್ತೆ ಯಾವಾಗ ಬಾಡಿಗೆಯ ವಸ್ತುವಾಯಿತು? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರ ಲೆಕ್ಕಾಚಾರ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದರೆ, ಮಾಡಿದವನ ಕಂಪನಿ ಪಡೆದವನ ಕಂಪನಿಗೆ ನಿಮಿಷಕ್ಕೆ ಇಂತಿಷ್ಟು ಪೈಸೆ ಕೊಡಬೇಕಿತ್ತು. ಎಂದರೆ ಕುಂದಾಪುರದ ಹಿರಿಯರು ಒಂದು ಪೈಸೆ ಹಾಕಿಸದೆ ಬರೀ ಕರೆ ಎತ್ತುತ್ತ ಕುಳಿತಿದ್ದರೂ ಅವರ ಕಂಪನಿಗೆ ಅವರಿಂದ ಆದಾಯವಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತನ್ನು ಉಚಿತವೆಂದು ಘೋಷಿಸಿತು. 2017ರ ಅಕ್ಟೋಬರಿನಲ್ಲಿ ಈ ಅಂತರಕಂಪನಿ ಶುಲ್ಕ 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ಬರೀ ಕರೆ ಎತ್ತುವ ಗ್ರಾಹಕ ಕಂಪನಿಯ ಪುಸ್ತಕದಲ್ಲಿ ಹೀಗೆ ದಂಡಪಿಂಡವಾದ. ಶುಲ್ಕ ಇಳಿದ ಮರುವರ್ಷವೇ, 2018ರ ಕೊನೆಗೆ, ‘ಕನಿಷ್ಠ ರೀಚಾರ್ಜ್’ ಎಂಬುದು ಹುಟ್ಟಿತು. ಇಪ್ಪತ್ತೆಂಟು ದಿನಕ್ಕೆ 35 ರೂಪಾಯಿ ಹಾಕಿಸದಿದ್ದರೆ ಬರುವ ಕರೆಯೂ ಬಂದ್. ಮೂವತ್ತೈದೇ ತಾನೆ ಎಂದು ನಾವು ಸುಮ್ಮನಿದ್ದೆವು. 2021ರಲ್ಲಿ ಅದು 99 ಆಯಿತು, ನಂತರ 155, 2024ರ ಜುಲೈಯಿಂದ ಏರ್‌ಟೆಲ್‌ನಲ್ಲಿ 199, ಜಿಯೋದಲ್ಲಿ 189. ಆರು ವರ್ಷದೊಳಗೆ ಐದೂವರೆ ಪಟ್ಟು.

ಮೂವತ್ತು ದಿನದ ತಿಂಗಳನ್ನು ಇಪ್ಪತ್ತೆಂಟಕ್ಕೆ ಕತ್ತರಿಸಿದ ಜಾಣತನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ ಹದಿಮೂರು ಸಲ ಹಣ ಹಾಕಿಸಬೇಕು. 199ನ್ನು ಹದಿಮೂರರಿಂದ ಗುಣಿಸಿ: 2,587 ರೂಪಾಯಿ. ಹಿರಿಯರಿಗೆ ಭವಿಷ್ಯನಿಧಿ ಯೋಜನೆಯಿಂದ ಬರುವ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ. 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ಅದು. ವರ್ಷದ ಹನ್ನೆರಡು ಸಾವಿರದಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು, ‘ಪಿಂಚಣಿ ಜಮೆಯಾಗಿದೆ’ ಎಂಬ ಸಂದೇಶವನ್ನು ಸ್ವೀಕರಿಸುವುದಕ್ಕೇ ಖರ್ಚಾಗುತ್ತದೆ.

ಪ್ರತಿವಾದ ಇಲ್ಲವೆಂದಲ್ಲ. ನಮ್ಮ ಕೂಟದಲ್ಲೇ ಇರುವ ಎಂಜಿನಿಯರ್ ಮಿತ್ರರೊಬ್ಬರು ಕಳೆದ ಸಭೆಯ ನಂತರ ಡೊಂಬಿವಲಿ ಲೋಕಲಿನಲ್ಲಿ ನೇತಾಡುತ್ತಲೇ ನನಗೆ ಪಾಠ ಮಾಡಿದರು. ಗೋಪುರಕ್ಕೆ ವಿದ್ಯುತ್ತು ಬೇಡವೇ, ತರಂಗಾಂತರ ಹರಾಜಿನ ಹಣ ಯಾರು ತುಂಬಬೇಕು, 4ಜಿಯಲ್ಲಿ ಧ್ವನಿಯೂ ಡೇಟಾ ಆಗಿಯೇ ಹರಿಯುವಾಗ ‘ಬರೀ ಮಾತು’ ಎಂಬುದೇ ಹಳೆಯ ಕಲ್ಪನೆಯಲ್ಲವೇ, ಮನೆಯ ಫೋನಿಗೂ ಬಾಡಿಗೆ ಇತ್ತಲ್ಲವೇ? ಕೊನೆಯ ಪ್ರಶ್ನೆ ಗಟ್ಟಿಯಾದದ್ದು, ಒಪ್ಪುತ್ತೇನೆ. ಎಂಟಿಎನ್‌ಎಲ್ ಫೋನಿಗೆ ಬಾಡಿಗೆ ಇತ್ತು. ಆದರೆ ಆ ಬಾಡಿಗೆಗೆ ಕಂಪನಿ ನಮ್ಮ ಚಾಳಿನವರೆಗೆ ತಂತಿ ಎಳೆದುಕೊಟ್ಟಿತ್ತು. ಬಿಲ್ಲು ಬಳಸಿದ ನಂತರ ಬರುತ್ತಿತ್ತು. ನಂಬರು ಹೋದರೂ ಬ್ಯಾಂಕಿನ ಖಾತೆ ಹೋಗುತ್ತಿರಲಿಲ್ಲ. ಉಳಿದ ಪ್ರಶ್ನೆಗಳಿಗೆ ನನ್ನ ಉತ್ತರ ಸರಳ. ಧ್ವನಿಯೂ ಡೇಟಾವೇ ಆದರೆ, ಅದು ಅತ್ಯಲ್ಪ ಡೇಟಾ; ಅತ್ಯಲ್ಪ ಬೆಲೆಯೇ ಇರಲಿ. ಹಿರಿಯರು ಗೋಪುರದ ಖರ್ಚಿಗೆ ಪಾಲು ಕೊಡಲು ಒಲ್ಲೆ ಎನ್ನುತ್ತಿಲ್ಲ. ಲೋಕಲಿನಲ್ಲಿ ಸಿನೆಮಾ ನೋಡುತ್ತ ಚರ್ಚ್‌ಗೇಟಿನಿಂದ ವಿರಾರಿಗೆ ಹೋಗುವವನ ಖರ್ಚಿನ ಪಾಲು ತನ್ನ ತಲೆಯ ಮೇಲೇಕೆ ಎನ್ನುತ್ತಿದ್ದಾರೆ. ಇಷ್ಟಕ್ಕೂ ಅವರಿಗೆ ಕರೆ ಮಾಡುವ ನಾನು ನನ್ನ ಪ್ಲ್ಯಾನಿಗೆ ಹಣ ಕೊಟ್ಟೇ ಇದ್ದೇನೆ. ಒಂದೇ ಮಾತಿಗೆ ಎರಡು ತುದಿಯಿಂದ ವಸೂಲಿ ಎಂದರೆ 2003ಕ್ಕಿಂತ ಹಿಂದಿನ ಕಾಲಕ್ಕೆ ಮರಳಿದಂತೆಯೇ.

ಟ್ರಾಯ್ ಎಂದು ನಾವು ಕರೆಯುವ ನಿಯಂತ್ರಣ ಪ್ರಾಧಿಕಾರ ಈ ಅನ್ಯಾಯವನ್ನು ಗುರುತಿಸಿಲ್ಲವೆಂದರೆ ತಪ್ಪಾದೀತು. ಮೂವತ್ತು ದಿನದ ಪ್ಲ್ಯಾನೊಂದು ಇರಲೇಬೇಕೆಂದು 2022ರ ಜನವರಿಯಲ್ಲಿ ಆದೇಶಿಸಿತು. 2024ರ ಡಿಸೆಂಬರಿನಲ್ಲಿ, ದೇಶದಲ್ಲಿ ಇನ್ನೂ ಸುಮಾರು 15 ಕೋಟಿ ಜನ ಗುಂಡಿಯ ಫೋನು ಬಳಸುತ್ತಾರೆ, ಅವರು ಬೇಡದ ಡೇಟಾಕ್ಕೆ ಹಣ ತೆರಬಾರದು, ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ಪ್ಲ್ಯಾನು ಕೊಡಿ ಎಂದಿತು. ಕಂಪನಿಗಳು ಆದೇಶವನ್ನು ಪಾಲಿಸಿದ ರೀತಿ ನೋಡಿ. ಏರ್‌ಟೆಲ್‌ನಲ್ಲಿ 84 ದಿನಕ್ಕೆ 509 ರೂಪಾಯಿಯ ಪ್ಲ್ಯಾನು ಇತ್ತು. ಅದರೊಳಗಿನ 6 ಜಿಬಿ ಡೇಟಾ ಕಿತ್ತು 499 ಎಂದರು. ಮಾತಿನ ಪ್ಲ್ಯಾನು ಸಿದ್ಧ! ಟೀಕೆ ಬಂದು, ಪ್ರಾಧಿಕಾರ ಪರಿಶೀಲಿಸುವೆನೆಂದ ಮೇಲೆ 469ಕ್ಕೆ ಇಳಿಸಿದರು. ಜಿಯೋದ್ದು 448. ವರ್ಷಕ್ಕೆ ಹಾಕಿಸಿದರೆ ಏರ್‌ಟೆಲ್‌ನಲ್ಲಿ 1,849. ಜಿಯೋದಲ್ಲಿ 1,748, ಆದರೆ ಅದು ವರ್ಷವಲ್ಲ, 336 ದಿನ. ತಿಂಗಳ ಮಾತಿನ ಪ್ಲ್ಯಾನು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಒಟ್ಟಿಗೆ 1,849 ಎಣಿಸಬಲ್ಲವನಿಗೆ ದಿನಕ್ಕೆ ಐದು ರೂಪಾಯಿ ಬೀಳುತ್ತದೆ. ತಿಂಗಳ ಪಿಂಚಣಿಯಲ್ಲಿ 199 ಮಾತ್ರ ತೆಗೆಯಬಲ್ಲವನಿಗೆ ಏಳು ರೂಪಾಯಿ. ಕಿರಾಣಿ ಅಂಗಡಿಯಲ್ಲಿ ಪುಡಿಗಟ್ಟಲೆ ಕೊಳ್ಳುವವನೇ ಹೆಚ್ಚು ತೆರುವ ಹಳೆಯ ನ್ಯಾಯ ಇಲ್ಲಿಗೂ ಬಂತು.

ಇಂಗ್ಲಿಷ್ ಓದಿದವನಾಗಿ ಒಂದು ಮಾತು. ಈ ವ್ಯವಹಾರದಲ್ಲಿ ಅತಿ ಹೆಚ್ಚು ಅವಮಾನಕ್ಕೆ ಒಳಗಾದ ಪದ ‘ಅನ್‌ಲಿಮಿಟೆಡ್’. ಅದರ ತಲೆಯ ಮೇಲೆ ಒಂದು ಚುಕ್ಕಿ, ಚುಕ್ಕಿಯ ಜಾಡು ಹಿಡಿದು ಹೋದರೆ ಕೆಳಗೆ ಇರುವೆ ಸಾಲಿನ ಅಕ್ಷರಗಳಲ್ಲಿ ಮಿತಿಗಳ ಪಟ್ಟಿ. ಎರಡನೆಯದು ‘ವ್ಯಾಲಿಡಿಟಿ’. ತರ್ಕಕ್ಕೆ, ದಸ್ತಾವೇಜಿಗೆ ಇರಬೇಕಾದ ಸಿಂಧುತ್ವ ಈಗ ಮನುಷ್ಯನಿಗೆ ಅಂಟಿಕೊಂಡಿದೆ. ‘ನನ್ನ ವ್ಯಾಲಿಡಿಟಿ ನಾಡಿದ್ದು ಮುಗಿಯುತ್ತದೆ’ ಎಂದು ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೈಸೂರು ಅಸೋಸಿಯೇಷನ್ನಿನ ಮೆಟ್ಟಿಲ ಮೇಲೆ ಹೇಳಿದಾಗ ಅಲ್ಲಿದ್ದವರೆಲ್ಲ ನಕ್ಕೆವು. ಅವರು ನಗಲಿಲ್ಲ.

ಇನ್ನು ನಮ್ಮ ಪಾಲಿನ ತಪ್ಪು. ನನ್ನ ಆಯಿ ಕುಮಟಾದ ಹತ್ತಿರದ ಹಳ್ಳಿಯಲ್ಲಿದ್ದಾಳೆ, ಗುಂಡಿಯ ಫೋನು. ಆ್ಯಪಿನಲ್ಲಿ ಮೊದಲು ಕಾಣುವ ಪ್ಲ್ಯಾನನ್ನೇ ಒತ್ತಿ ನಾನು ಹಲವು ವರ್ಷ ಅವಳ ಫೋನಿಗೆ ದಿನಕ್ಕೆ ಒಂದೂವರೆ ಜಿಬಿಯ ಪ್ಲ್ಯಾನು ಹಾಕಿಸಿದೆ. ಇಂಟರ್ನೆಟ್ಟೇ ತೆರೆಯದ ಫೋನಿಗೆ ವರ್ಷಕ್ಕೆ ಐನೂರು ಜಿಬಿಗೂ ಮಿಕ್ಕಿದ ಡೇಟಾ! ಅದರಲ್ಲಿ ಒಂದು ಬೈಟೂ ಬಳಕೆಯಾಗಲಿಲ್ಲ. ನನಗೆ ಉಳಿದದ್ದು ಎರಡು ನಿಮಿಷ, ಹೋದದ್ದು ಸಾವಿರಾರು ರೂಪಾಯಿ. ಅದು ನನ್ನ ಹಣವಾದ್ದರಿಂದ ಲೆಕ್ಕ ಹಾಕಲಿಲ್ಲ, ಅಷ್ಟೇ. ‘ಒಂದು ಸ್ಮಾರ್ಟ್‌ಫೋನ್ ತಂದುಕೊಡುತ್ತೇನೆ, ವಿಡಿಯೊದಲ್ಲಿ ಮೊಮ್ಮಕ್ಕಳನ್ನು ನೋಡು’ ಎಂದಾಗ ಆಯಿ ‘ಯಂಗೆ ಮಾತಾಡಲೆ ಸಾಕು’ ಎಂದಳು. ಅದನ್ನು ಅಜ್ಞಾನವೆಂದು ತಿಳಿದದ್ದು ನನ್ನ ಅಜ್ಞಾನ. ನಮ್ಮಂಥ ಲಕ್ಷಾಂತರ ಮಕ್ಕಳು ಮುಂಬಯಿ, ಪುಣೆ, ದುಬೈಗಳಿಂದ ಎಣಿಸದೆ ಕಟ್ಟುವುದರಿಂದಲೇ ಕಂಪನಿಗಳಿಗೆ ಈ ದರ ನಡೆಯುತ್ತದೆ. ಎಣಿಸುವ ಮಗನಿಲ್ಲದವರು ಅದರ ಅಡಿ ಸಿಕ್ಕಿದ್ದಾರೆ.

‘ಅಗ್ಗದ ಫೋನು ಬಂದಿದೆಯಲ್ಲ’ ಎನ್ನುವವರಿಗೂ ಒಂದು ಉತ್ತರ ಕೊಡಬೇಕು. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಫೋನಿಗೆ 28 ದಿನಕ್ಕೆ 123 ರೂಪಾಯಿಯ ಪ್ಲ್ಯಾನಿತ್ತು. ಬೆಲೆ ನೋಡಿದರೆ ಒಳ್ಳೆಯದೇ. ಆದರೆ ಆ ಫೋನಿನಲ್ಲಿ ನಡೆಯುವುದು ಆ ಕಂಪನಿಯ ಸಿಮ್ ಒಂದೇ, ಆ ಪ್ಲ್ಯಾನು ನಡೆಯುವುದು ಆ ಫೋನಿನಲ್ಲಿ ಮಾತ್ರ. ಆಯಿಯ ಮನೆಯ ಜಗುಲಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಂಪನಿಯದು, ಅದೂ ತೆಂಗಿನ ಮರದ ಕಡೆಗೆ ಮುಖ ಮಾಡಿ ನಿಂತಾಗ. ಆರಿಸಿಕೊಳ್ಳುವ ಸ್ವಾತಂತ್ರ್ಯ ಜಾಹೀರಾತಿನಲ್ಲಿದೆ, ಜಗುಲಿಯಲ್ಲಿಲ್ಲ. ಮುಂಬಯಿಯಲ್ಲೇ 2010ರ ಸುಮಾರಿಗೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು, ಈಗ ಒಂದು ಕೈಯ ಬೆರಳುಗಳಲ್ಲೂ ಒಂದೆರಡು ಉಳಿಯುತ್ತವೆ. ಎಂಟಿಎನ್‌ಎಲ್‌ನಿಂದ 2020ರ ಜನವರಿ 31ರಂದು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸ್ವಯಂನಿವೃತ್ತಿಯಲ್ಲಿ ಹೊರಬಂದರು. ಅದರ ಬಗ್ಗೆ, ಮೇಲೆ ಹೇಳಿದ ಸೇವಾ ನಿಯಮಗಳ ಕಾರಣ, ಇಷ್ಟೇ.

ಹಾಗಾದರೆ ಸಭೆಯ ನಂತರ ಫೋನು ಹಿಡಿದು ಬರುವವರಿಗೆ ನಾನು ಹೇಳುವುದೇನು? ಈಗ ಹೇಳುತ್ತಿರುವುದು ಇಷ್ಟು. ಗುಂಡಿಯ ಫೋನಾದರೆ ‘ವಾಯ್ಸ್ ಓನ್ಲಿ’ ಎಂದೇ ಕೇಳಿ. ಅಂಗಡಿಯವನು ತಾನಾಗಿ ಹೇಳುವುದಿಲ್ಲ, ಆ್ಯಪಿನಲ್ಲೂ ಅದು ತಳದಲ್ಲಿರುತ್ತದೆ. ಬಳಸದೆ ಬಿಟ್ಟ ಪ್ರೀಪೇಯ್ಡ್ ನಂಬರನ್ನು 90 ದಿನಕ್ಕೆ ಮುಂಚೆ ರದ್ದುಪಡಿಸುವಂತಿಲ್ಲ. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಅವಧಿ ಮುಂದುವರಿಸಬೇಕು ಎಂಬ ನಿಯಮ 2013ರಿಂದ ಇದೆ. ಆದರೆ ಪ್ಲ್ಯಾನಿಗೆ ಹಾಕಿದ ಹಣ ಬೇರೆ, ಖಾತೆಯ ಬ್ಯಾಲೆನ್ಸು ಬೇರೆ. ಕುಂದಾಪುರದ ಹಿರಿಯರ ಬ್ಯಾಲೆನ್ಸು ಸೊನ್ನೆ ಇತ್ತು. ಇಪ್ಪತ್ತು ರೂಪಾಯಿಯ ಟಾಕ್‌ಟೈಮು ಹಾಕಿಸಿದ್ದರೆ ಕರೆ ಬರುತ್ತಿರಲಿಲ್ಲ ನಿಜ, ನಂಬರಾದರೂ ಉಳಿಯುವ ದಾರಿ ಇತ್ತು. ಅವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪ್ಲ್ಯಾನು ಮುಗಿದಿದ್ದರೂ ಬೇರೆ ಕಂಪನಿಗೆ ಹೋಗಲು 1900ಕ್ಕೆ ಸಂದೇಶ ಕಳುಹಿಸುವುದನ್ನು ಯಾವ ಕಂಪನಿಯೂ ತಡೆಯುವಂತಿಲ್ಲ. 2021ರ ಡಿಸೆಂಬರಿನ ನಿರ್ದೇಶನ ಅದು. ರದ್ದಾದ ನಂಬರು ಕನಿಷ್ಠ 90 ದಿನದ ನಂತರ ಇನ್ನೊಬ್ಬರಿಗೆ ಹೋಗುತ್ತದೆಂದು ಪ್ರಾಧಿಕಾರವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಆದ್ದರಿಂದ ನಂಬರು ಬಿಡುವುದೇ ಆದರೆ ಬ್ಯಾಂಕಿನಲ್ಲಿ, ಆಧಾರ್ ಕೇಂದ್ರದಲ್ಲಿ ಮೊದಲು ಬದಲಿಸಿ.

ಇವು ಉಪಾಯಗಳು, ನ್ಯಾಯವಲ್ಲ. ಕೇಳಬೇಕಾದದ್ದು ಬೇರೆ. ತಿಂಗಳ ಅವಧಿಯ ಮಾತಿನ ಪ್ಲ್ಯಾನು, ವರ್ಷದ ಪ್ಲ್ಯಾನಿನ ದಿನದರದಲ್ಲಿಯೇ. ಬರೀ ಕರೆ ಮತ್ತು ಬ್ಯಾಂಕಿನ ಸಂದೇಶ ಪಡೆಯುವವರಿಗೆ ಹೆಸರಿಗೊಂದು ಶುಲ್ಕ. ಆಧಾರಿಗೆ ಜೋಡಿಸಿದ ನಂಬರು ಇನ್ನೊಬ್ಬರ ಕೈಗೆ ಹೋಗುವ ಮುನ್ನ ಕನಿಷ್ಠ ಒಂದು ವರ್ಷದ ಗಡುವು. ಪ್ರಾಧಿಕಾರ ಪ್ರತಿ ನಿಯಮಕ್ಕೂ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಲ್ಲಿ ಕಂಪನಿಗಳು ಪುಟಗಟ್ಟಲೆ ಬರೆಯುತ್ತವೆ. ಪ್ರಶಸ್ತಿಯ ಆಯ್ಕೆ ಸರಿಯಿಲ್ಲವೆಂದು ವಾರಕ್ಕೊಂದು ಪತ್ರ ಬರೆಯುವ ನಮ್ಮ ಕೂಟದಿಂದ ಅಲ್ಲಿಗೆ ಇಂದಿನವರೆಗೆ ಒಂದು ಸಾಲೂ ಹೋಗಿಲ್ಲ. ಕೇಂದ್ರ ನೌಕರನಾದ ನನ್ನ ಸಹಿ ಇಲ್ಲದೆಯೂ ಹೋಗಬಹುದಾದ ಒಂದು ಕರಡನ್ನು ಸಿದ್ಧಪಡಿಸಿದ್ದೇನೆ, ಇಂಗ್ಲಿಷಿನಲ್ಲಿ, ಎರಡು ಪುಟ. ಮುಂದಿನ ಸಭೆಗೆ ತರುತ್ತೇನೆ. ಬರುವವರು ತಮ್ಮ ಫೋನಿನ ಜೊತೆಗೆ ಊರಿನಲ್ಲಿರುವ ತಂದೆತಾಯಿಯ ಫೋನಿಗೆ ಕಳೆದ ಒಂದು ವರ್ಷದಲ್ಲಿ ಏನೇನು ಹಾಕಿಸಿದ್ದೇವೆಂಬ ಪಟ್ಟಿಯನ್ನೂ ತನ್ನಿ. ಹಿರಿಯರು ಹೊಸ ನಂಬರು ಪಡೆದಿದ್ದಾರೆ. ಬೇಕಾದವರು ನನ್ನನ್ನು ಕೇಳಿ. ಹಳೆಯದಕ್ಕೆ ಕರೆ ಮಾಡಿ ಆ ಹುಡುಗನನ್ನು ಇನ್ನು ಪೀಡಿಸಬೇಡಿ.